ಬತ್ತಿ ನೆನೆಯುವಷ್ಟು ಹೊತ್ತು

ಜನವರಿ 11, 2014, ಶನಿವಾರ. ಸ್ಯಾಂಡ್‌ವಿಕೆನ್, ಸ್ವೀಡನ್

ಅಂತೋನಿ ಹೋದದ್ದು ಮಂಗಳವಾರ. ಇವತ್ತು ಶನಿವಾರ, ಇನ್ನೂ ಮಣ್ಣಾಗಿಲ್ಲ. ನಮ್ಮ ಶಿರ್ವದಲ್ಲಿ ಯಾರಾದರೂ ಇದನ್ನು ಕೇಳಿದರೆ ಪೊಲೀಸ್ ಕೇಸೇನಾದರೂ ಆಗಿದೆಯೇ ಎಂದು ವಿಚಾರಿಸಿಯಾರು. ಅಲ್ಲಿ ಬೆಳಿಗ್ಗೆ ಸತ್ತವರಿಗೆ ಮರುದಿನ ಸಂಜೆಯೊಳಗೆ ಗುಂಡಿ, ಪಾದ್ರಿ, ಬಲಿಪೂಜೆ, ಬಂದವರಿಗೆ ಚಹಾ, ಎಲ್ಲ ಮುಗಿದಿರುತ್ತದೆ. ಇಲ್ಲಿ ಅಂತ್ಯಕ್ರಿಯೆ ಕಚೇರಿಯ ಹೆಂಗಸು ನನ್ನ ಮುಂದೆ ಕಾಫಿ, ಬಿಸ್ಕತ್ತು ಇಟ್ಟು, ಮದುವೆಗೆ ಹಾಲ್ ಗೊತ್ತುಮಾಡುವವಳಂತೆ ಕ್ಯಾಲೆಂಡರ್ ಬಿಡಿಸಿದಳು.

"ಅವಸರವೇನೂ ಇಲ್ಲ. ಒಂದು ತಿಂಗಳವರೆಗೆ ಸಮಯವಿದೆ. ಮನಸ್ಸು ಸಿದ್ಧವಾದಾಗ ತಾರೀಕು ಹೇಳಿ. ಅಲ್ಲಿಯವರೆಗೆ ಅವರು ನಮ್ಮ ತಂಪು ಕೋಣೆಯಲ್ಲಿ ಚೆನ್ನಾಗಿರುತ್ತಾರೆ."

ಚೆನ್ನಾಗಿರುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು. ನಾಳೆಯೇ ಹೂಳಿ ಎಂದು ಹೇಳಬೇಕೆನಿಸಿತು. ಆದರೆ ಅಂತೋನಿಯ ತಮ್ಮ, ನನ್ನ ಮೈದುನ ಲಾಯ್ಡ್ ಮಂಗಳೂರಿನಿಂದ ಬರಬೇಕು, ಅವನಿಗೆ ವೀಸಾ ಆಗಬೇಕು. ಅದಾದ ಕೂಡಲೇ ತಾರೀಕು ಹೇಳುತ್ತೇನೆಂದು ಎದ್ದು ಬಂದೆ.

ಉಕ್ಕಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಸ್ಸು ಹತ್ತಿದ ಅಂತೋನಿ ಕಿಟಕಿಗೆ ತಲೆಯಾನಿಸಿ ಕೂತಲ್ಲೇ ಹೋದ. ಹೃದಯ ನಿಂತಿತು. ನಮ್ಮ ನಿಲ್ದಾಣ ದಾಟಿ, ಕೊನೆಯ ನಿಲ್ದಾಣ ಮುಟ್ಟಿ, ಅದೇ ಬಸ್ಸಿನಲ್ಲಿ ತಿರುಗಿ ಬಂದ. ನಿದ್ದೆ ಮಾಡುತ್ತಿದ್ದಾನೆಂದು ಎಲ್ಲರೂ ಅಂದುಕೊಂಡರಂತೆ. ಈ ದೇಶದಲ್ಲಿ ಮಲಗಿದವರನ್ನು ಯಾರೂ ಎಬ್ಬಿಸುವುದಿಲ್ಲ, ಅದು ಇಲ್ಲಿಯ ಮರ್ಯಾದೆ. ಎಬ್ಬಿಸಿದ್ದರೂ ಪ್ರಯೋಜನವಿರಲಿಲ್ಲ ಎಂದರು ಡಾಕ್ಟರು. ನಾನು ಕೇಳಿದ್ದು ಪ್ರಯೋಜನವನ್ನಲ್ಲ. ಒಬ್ಬರಾದರೂ ಅವನನ್ನು ಮುಟ್ಟಿದರೇ ಎಂದು ಕೇಳಿದೆ.

ಮನೆಮಾತು ಕೊಂಕಣಿ, ಮಗಳು ವಿನೀತಾಳ ಮಾತು ಸ್ವೀಡಿಷ್. ಬರೆಯಲು ಕೂತರೆ ಮಾತ್ರ ನನಗೆ ಕನ್ನಡವೇ ಬರುವುದು. ಪಿಯುಸಿ ಮಕ್ಕಳಿಗೆ ಕನ್ನಡದಲ್ಲಿ ಬೈದು ಭೌತಶಾಸ್ತ್ರ ಕಲಿಸಿದ ಕೈ ಇದು. ಈಗ ದಾಗಿಸ್ ಎನ್ನುವ ಇಲ್ಲಿಯ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳ ಮೂಗು ಒರೆಸುತ್ತದೆ. ಸದ್ಯ ಅದಕ್ಕೂ ಡಾಕ್ಟರು ರಜೆ ಬರೆದುಕೊಟ್ಟಿದ್ದಾರೆ.

ಜನವರಿ 13, ಸೋಮವಾರ

ಆಸ್ಪತ್ರೆಯಿಂದ ಅವನ ವಸ್ತುಗಳು ಬಂದವು. ಕಾಗದದ ಚೀಲದಲ್ಲಿ ಕೀಲಿಗೊಂಚಲು, ಜಪಸರ, ಕಾರ್ಖಾನೆಯ ದಪ್ಪ ಜಾಕೆಟ್ಟು. ಜಾಕೆಟ್ಟಿನ ಜೇಬಿನಲ್ಲಿ ಅವನ ಇ-ಸಿಗರೇಟು.

ಸಿಗರೇಟು ಬಿಡಲೆಂದು ಹಿಡಿದ ಯಂತ್ರವಿದು. ನಿಕೋಟಿನ್ ಕೂಡ ಕಡಿಮೆ ಮಾಡುತ್ತಾ ಬಂದು ಕೊನೆಗೆ ಪೂರ್ತಿ ಬಿಟ್ಟಿದ್ದ, ಬರೀ ಏಲಕ್ಕಿಯ ಪರಿಮಳದ ದ್ರವ ತುಂಬುತ್ತಿದ್ದ. ಇಲ್ಲಿಯವರ ಬನ್ನಿಗೂ ಏಲಕ್ಕಿ, ನಮ್ಮ ಪಾಯಸಕ್ಕೂ ಏಲಕ್ಕಿ, ನನ್ನ ಆವಿಗೂ ಏಲಕ್ಕಿ ಎನ್ನುತ್ತಿದ್ದ. ದಪ್ಪ ಪೆನ್ನಿನಂಥ ಬ್ಯಾಟರಿ, ಅದರ ತಲೆಯ ಮೇಲೆ ಪಾರದರ್ಶಕ ಟ್ಯಾಂಕು, ಟ್ಯಾಂಕಿನೊಳಗೆ ಬತ್ತಿ, ಬತ್ತಿಗೆ ಸುತ್ತಿದ ಸಣ್ಣ ತಂತಿಯ ಕಾಯಿಲ್. ಗುಂಡಿ ಒತ್ತಿದರೆ ಕಾಯಿಲ್ ಕಾದು, ಬತ್ತಿ ಹೀರಿದ ದ್ರವ ಆವಿಯಾಗುತ್ತದೆ. ಬ್ಯಾಟರಿಯ ತಳದಲ್ಲಿ ತಿರುಗಿಸುವ ಡಯಲು, 3.3ರಿಂದ 4.8 ವೋಲ್ಟಿನವರೆಗೆ. ಅವನದು 4.2ರಲ್ಲಿ ನಿಂತಿತ್ತು. ಅದನ್ನು ನಾನು ಮುಟ್ಟಲಿಲ್ಲ.

ಬಾಲ್ಕನಿಗೆ ಹೋದೆ. ವಿಪರೀತ ಚಳಿ, ಅವನ ಜಾಕೆಟ್ಟನ್ನೇ ಹಾಕಿಕೊಂಡೆ. ಮೂರು ಗಂಟೆಗೇ ಸೂರ್ಯ ಕಾಡಿನ ಹಿಂದೆ ಇಳಿಯುತ್ತಿದ್ದ. ಗುಂಡಿ ಒತ್ತಿ ಒಂದೇ ಒಂದು ಸಲ ಎಳೆದು ಬಿಟ್ಟೆ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಗಾಳಿಯೇ ಇಲ್ಲದ ಚಳಿಯಲ್ಲಿ ಆವಿ ಚದುರದೆ ನನ್ನ ಎದುರು ನಿಂತುಕೊಂಡಿತು. ಅಂತೋನಿಯ ವಾಸನೆ. ಅವನ ಅಂಗಿಯಲ್ಲೂ ದಿಂಬಿನಲ್ಲೂ ಹುಡುಕಿ ಸಿಗದೆ ಹೋದದ್ದು ಇದರಲ್ಲಿ ಸಿಕ್ಕಿತು.

ಜನವರಿ 15

ಇವತ್ತೂ ಒಂದು ಸಲ. ಅಲ್ಲ, ಮೂರು ನಾಲ್ಕು ಸಲ.

ಜನವರಿ 17, ಶುಕ್ರವಾರ

ಮೇಲಿನ ಮನೆಯ ಗುನ್ನೆಲ್ ಅಜ್ಜಿ ಕ್ರಿಸ್ಮಸ್ಸಿಗೆ ಗೋಥೆನ್‌ಬರ್ಗಿನ ಮಗಳ ಮನೆಗೆ ಹೋದವಳು ಮೊನ್ನೆಯಷ್ಟೇ ಬಂದಿದ್ದಾಳೆ. ಕಸದ ಕೋಣೆಯ ಬಾಗಿಲಲ್ಲಿ ಸಿಕ್ಕಿದಳು.

"ಅಂತೋನಿ ಈಗ ಹಗಲು ಪಾಳಿಯೇನು? ಸಂಜೆ ಕಿಟಕಿ ತೆರೆದರೆ ಅವನ ಏಲಕ್ಕಿ ಬರುತ್ತದೆ. ನನಗೆ ಅಮ್ಮ ಬನ್ನು ಬೇಯಿಸಿದ ಹಾಗೆ ಅನ್ನಿಸುತ್ತದೆ. ಅವನು ಮನೆಯಲ್ಲಿದ್ದಾನೆಂದರೆ ನನಗೂ ಒಂದು ಧೈರ್ಯ."

ಬಾಯಿ ತೆರೆದೆ. "ಯಾ," ಎಂದೆ. ಹೌದು ಎಂದು.

ಅವಳಿಗೆ ಹೇಳಿ ಏನಾಗಬೇಕು, ವಯಸ್ಸಾದವಳು. ಮೆಟ್ಟಿಲು ಹತ್ತುವಾಗ ಕಾಲು ಹಗುರಾಗಿತ್ತು. ಈ ಊರಿನಲ್ಲಿ ಒಬ್ಬರ ಪಾಲಿಗಾದರೂ ಅಂತೋನಿ ಮನೆಯಲ್ಲೇ ಇದ್ದಾನೆ.

ಜನವರಿ 19, ಭಾನುವಾರ

ಇಗರ್ಜಿಗೆ ಹೋಗಲಿಲ್ಲ. ಪಾದ್ರಿಗಳು ತಾರೀಕು ಕೇಳುತ್ತಾರೆ.

ಲಾಯ್ಡ್ ಫೋನು ಮಾಡಿದ್ದ. ವೀಸಾ ಆಯಿತಂತೆ. "ಯಾವ ದಿನಕ್ಕೆ ಟಿಕೆಟ್ ಮಾಡ್ಲಿ ಅತ್ತಿಗೆ? ನೀವು ಹೇಳಿದ ದಿನ ಹೊರಡುದು," ಎಂದ. ತಿಳಿಸುತ್ತೇನೆ ಎಂದೆ. ಪಾಪ, ಅಷ್ಟು ದೂರದಿಂದ ಅವಸರ ಮಾಡಿಕೊಂಡು ಬರುವುದು ಬೇಡ. ಅಂತ್ಯಕ್ರಿಯೆ ಕಚೇರಿಯವಳಿಗೆ ವೀಸಾ ಇನ್ನೂ ಕೈಗೆ ಬಂದಿಲ್ಲ ಎಂದು ಹೇಳಿಬಿಡುವುದೇ ಒಳ್ಳೆಯದು. ಅವಳಿಗೂ ಕ್ಯಾಲೆಂಡರ್ ತುಂಬಿದೆ.

ವಿನೀತಾ ತಾನೇ ಒಣರೊಟ್ಟಿಗೆ ಚೀಸ್ ಹಚ್ಚಿಕೊಂಡು ತಿಂದು ಮಲಗಿದ್ದಾಳೆ. ಮೂರನೆಯ ಕ್ಲಾಸಿನ ಹುಡುಗಿಗೆ ಎಷ್ಟು ಜಾಣತನ. ಒಂದು ಮಾತು ಕೇಳುವುದಿಲ್ಲ, ತಂಟೆಯಿಲ್ಲ.

ಜನವರಿ 21, ಮಂಗಳವಾರ

ನಿನ್ನೆಯಿಂದ ಆವಿ ತೆಳ್ಳಗಾಗಿತ್ತು, ಪರಿಮಳ ಸಪ್ಪೆಯಾಗಿತ್ತು. ಕಾಯಿಲ್ ಹಳೆಯದಾದರೆ ಹಾಗಾಗುತ್ತದೆಂದು ಅಂತೋನಿ ಹೇಳುತ್ತಿದ್ದದ್ದು ನೆನಪಾಯಿತು. ಬಸ್ಸು ಹಿಡಿದು ಪಕ್ಕದ ಪಟ್ಟಣ ಯೆವ್ಲೆಗೆ ಹೋದೆ. ಇ-ಸಿಗರೇಟಿನ ಅಂಗಡಿಯವನ ಬಳಿ ಅಂತೋನಿಯ ಕಾಯಿಲ್‌ನಂಥದು ಇರಲಿಲ್ಲ. ಅವನದು 2.4 ಓಮ್ ರೋಧದ್ದು, ಸಿಕ್ಕಿದ್ದು 1.5 ಓಮ್. ಇದೂ ಕೂರುತ್ತದೆ, ಆದರೆ ವೋಲ್ಟ್ ನೋಡಿಕೊಳ್ಳಿ ಎಂದ. ಭೌತಶಾಸ್ತ್ರದ ಟೀಚರಿಗೆ ಹೇಳಲು ಬಂದಿದ್ದಾನೆ ಎಂದುಕೊಂಡೆ.

ಶಾಖವೆಂದರೆ ವಿದ್ಯುತ್‌ಪ್ರವಾಹದ ವರ್ಗ ಗುಣಿಸು ರೋಧ ಗುಣಿಸು ಕಾಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ರೋಧ ಕಡಿಮೆಯಾಯಿತು, ಹಾಗಾದರೆ ಶಾಖವೂ ಕಡಿಮೆ, ಅದನ್ನು ತುಂಬಿಸಲು ವೋಲ್ಟ್ ಏರಿಸಬೇಕು. ಹೀಗೆಂದುಕೊಂಡು ಹೊಸ ಕಾಯಿಲ್ ಹಾಕಿ, ದ್ರವ ತುಂಬಿ, ಅವನು 4.2ರಲ್ಲಿ ಇಟ್ಟದ್ದನ್ನು ಈ ಕೈಯಿಂದಲೇ 4.8ಕ್ಕೆ ತಿರುಗಿಸಿ, ಕೂಡಲೇ ಗುಂಡಿ ಒತ್ತಿ ಎಳೆದೆ.

ಗಂಟಲು ಸುಟ್ಟಿತು. ಬಂದದ್ದು ಏಲಕ್ಕಿಯಲ್ಲ, ಬಟ್ಟೆ ಸುಟ್ಟ ಕಮಟು. ಮತ್ತೊಮ್ಮೆ ಒತ್ತಿದೆ, ಅದೇ. ಬತ್ತಿ ಕಪ್ಪಾಗಿತ್ತು. ಜಾಕೆಟ್ಟಿನಲ್ಲೂ ಕೂದಲಲ್ಲೂ ಸುಟ್ಟ ವಾಸನೆ. ಮುಖ ತೊಳೆದರೂ ಹೋಗಲಿಲ್ಲ. ಅವನ ವಾಸನೆ ಎಲ್ಲಿತ್ತೆಂದು ನೆನಪು ಮಾಡಿಕೊಂಡರೆ ಅದರ ಮೇಲೂ ಈ ಕಮಟೇ ಬಂದು ಕೂರುತ್ತಿದೆ. ಅಡುಗೆಮನೆಯ ನೆಲದಲ್ಲಿ ಕೂತು ಅತ್ತೆ. ಅವನು ಹೋದ ದಿನವೂ ಇಷ್ಟು ಅತ್ತಿರಲಿಲ್ಲ.

ಜನವರಿ 22, ಬುಧವಾರ

ಯೆವ್ಲೆಯಲ್ಲಿರುವ ಗೆಳತಿ ವಸಂತಿಯ ಗಂಡ ಮಹೇಶನಿಗೆ ಫೋನು ಮಾಡಿದೆ. ಬೇಸಿಗೆಯಲ್ಲಿ ಅವನು ಸಿಗರೇಟು ಬಿಟ್ಟು ಈ ಯಂತ್ರ ಹಿಡಿದದ್ದು ನಮ್ಮ ಬಾಲ್ಕನಿಯಲ್ಲೇ, ಗುರು ಅಂತೋನಿ. ಊರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸದಾಗಿ ಶುರುಮಾಡುತ್ತಿದ್ದಾನೆ, ಸಲಹೆ ಬೇಕಂತೆ ಎಂದು ಸುಳ್ಳು ಹೇಳಿದೆ. ಮಹೇಶ ಹೇಳಿಕೊಟ್ಟ.

"ಸಿಂಪಲ್ ಮೇಡಂ. ಫಸ್ಟ್ ಕಾಯಿಲ್ ಮೇಲೆ ಎಷ್ಟು ಓಮ್ ಅಂತ ಬರ್ದಿರುತ್ತೆ, ಅದನ್ನ ನೋಡ್ಬೇಕು. ಓಮ್ ಕಮ್ಮಿ ಇದ್ರೆ ವೋಲ್ಟೂ ಕಮ್ಮಿ ಇಡ್ಬೇಕು, ಜಾಸ್ತಿ ಇದ್ರೆ ಸ್ವಲ್ಪ ಏರಿಸ್ಬೋದು. ಹೊಸ ಕಾಯಿಲ್ ಹಾಕಿದ ತಕ್ಷಣ ಬಟನ್ ಒತ್ಲೇಬಾರ್ದು. ಬತ್ತಿಗೆ ನಾಲ್ಕು ಹನಿ ಬಿಟ್ಟು ನೆನೆಯೋಕೆ ಟೈಮ್ ಕೊಡ್ಬೇಕು. ಆಮೇಲೆ ಡಯಲ್ ತಳದಿಂದ ಶುರು. ರುಚಿ ಬರೋವರ್ಗೂ ಚೂರು ಚೂರೇ ಏರಿಸ್ತಾ ಹೋಗೋದು. ಸುಟ್ಟ ವಾಸನೆ ಬಂತು ಅಂದ್ರೆ ಇಳಿಸ್ಬಿಡೋದು. ಅವಸರ ಮಾಡಿದ್ರೆ ಬತ್ತಿ ಹೋಯ್ತು ಮಾರಾಯಾ."

ಮಹೇಶ ಬೆಂಗಳೂರಿನವನು. ಅವನ ಬಾಯಲ್ಲಿ ಮಾರಾಯಾ ಎಂಬ ಮಾತು ನಾನು ಹಿಂದೆಂದೂ ಕೇಳಿಲ್ಲ. ಅದು ಅಂತೋನಿಯದು, ಎಳೆದು ಹೇಳುವ ರೀತಿಯೂ ಅವನದೇ. "ಇನ್ನೊಮ್ಮೆ ಹೇಳಿ," ಎಂದೆ.

"ವಿದ್ಯಾರ್ಥಿಗೆ ಅರ್ಥ ಆಗ್ಲಿಲ್ವಾ ಮೇಡಂ?" ಎಂದು ಮೆಲ್ಲಗೆ ಕೇಳಿದ.

ಆಮೇಲೆ ಲೆಕ್ಕಕ್ಕೆ ಕೂತು ತಲೆ ಚಚ್ಚಿಕೊಂಡೆ. ಪ್ರವಾಹ ಒಂದೇ ಸಮ ಇರುವಾಗ ಮಾತ್ರ ಆ ಸೂತ್ರದಿಂದ ಹಾಗೆ ತೀರ್ಮಾನಿಸಬಹುದು. ಬ್ಯಾಟರಿ ಹಿಡಿದಿಡುವುದು ವೋಲ್ಟನ್ನು. ಆಗ ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಬೇಕು. ರೋಧ ಇಳಿದರೆ ಶಾಖ ಏರುತ್ತದೆ. ಅವನದು ಏಳು ವ್ಯಾಟ್ ಚಿಲ್ಲರೆ, ನಾನು ಹರಿಸಿದ್ದು ಅದರ ಎರಡರಷ್ಟು. ವರ್ಷ ವರ್ಷವೂ ಮಕ್ಕಳು ಇದೇ ತಪ್ಪು ಮಾಡುತ್ತಿದ್ದರು, ನಾನು ವರ್ಷ ವರ್ಷವೂ ಬೈಯುತ್ತಿದ್ದೆ. ಪುಸ್ತಕದ ಬದನೆಕಾಯಿ ಎಂದು ಯಾರನ್ನೋ ಹಂಗಿಸುತ್ತಿದ್ದ ಬಾಯಿ ಇದು.

ಅವನ ಏಳು ವ್ಯಾಟ್ ಹೊಸ ಕಾಯಿಲ್‌ನಲ್ಲಿ ಬರಬೇಕಾದರೆ 3.3 ವೋಲ್ಟ್ ಸಾಕು. ಪೊಟ್ಟಣದಲ್ಲಿದ್ದ ಇನ್ನೊಂದು ಕಾಯಿಲ್ ಹಾಕಿ, ಹನಿ ಬಿಟ್ಟು, ಎದುರು ಕೂತು ಕಾದೆ. ಡಯಲನ್ನು ತಳಕ್ಕೆ ಇಳಿಸಿ ಒತ್ತಿದೆ.

ಬಂದ.

ಜನವರಿ 24, ಶುಕ್ರವಾರ

ಈಗ ದಿನವೂ ಚಹಾ ಎರಡು ಲೋಟ. ಒಂದನ್ನು ಬಾಲ್ಕನಿಯಲ್ಲಿ ನನ್ನ ಎದುರಿನ ಕುರ್ಚಿಯ ಬಳಿ ಇಡುತ್ತೇನೆ. ಕುರ್ಚಿಯ ಮೇಲಿನ ಹಿಮವನ್ನು ಯಾರೋ ಒರೆಸಿದ್ದರು. ನಾನೇ ಒರೆಸಿರಬೇಕು.

ಅವನಿಗೆ ಎಲ್ಲ ಹೇಳಿದೆ. ಮಹೇಶನ ಮಾರಾಯಾ ಹೇಳಿದೆ, ನನ್ನ ಪೆದ್ದುತನ ಹೇಳಿದೆ. ಆವಿ ಕುರ್ಚಿಯ ಮೇಲೆ ಭುಜದ ಎತ್ತರಕ್ಕೆ ನಿಂತು, ಸ್ವಲ್ಪ ಬಾಗಿ, ಕೇಳಿಸಿಕೊಂಡಿತು. ತಾರೀಕು ಹೇಳಲೇ ಎಂದು ಕೇಳಿದೆ. ಇನ್ನೂ ಸ್ವಲ್ಪ ಹೊತ್ತು ಎಂದ. ಸ್ಪಷ್ಟವಾಗಿ ಕೇಳಿಸಿತು. ಹೂಳುವವರೆಗೆ ಅವನು ಎಲ್ಲಿಗೂ ಹೋಗುವ ಹಾಗಿಲ್ಲವಲ್ಲ. ತಿಂಗಳ ಸಮಯ ಕೊಟ್ಟ ಈ ದೇಶದವರು ಕೆಟ್ಟವರೇನಲ್ಲ.

ವಸಂತಿ ಬಂದು ವಿನೀತಾಳನ್ನು ಸ್ಕೇಟಿಂಗಿಗೆ ಕರೆದುಕೊಂಡು ಹೋದಳು. "ಜೆಸಿಂತಾ, ಈ ಮಗು ವಾರದಿಂದ ಇದೇ ಸ್ವೆಟರ್ ಹಾಕ್ತಿದೆ ಕಣೇ. ನೋಡ್ಕೊಂಡಿದೀಯಾ?" ಎಂದಳು. ವಸಂತಿಗೆ ಬಟ್ಟೆಯದೇ ಚಿಂತೆ. ಲಾಯ್ಡ್ ನಾಲ್ಕು ಸಲ ಫೋನು ಮಾಡಿದ್ದಾನೆ, ಎತ್ತಲು ಆಗಲಿಲ್ಲ.

ಜನವರಿ 25

ಬಾತ್ರೂಮಿನಲ್ಲಿ ಅಂತೋನಿಯ ಕೆಮ್ಮು ಕೇಳಿಸಿತು. ಓಡಿಹೋಗಬೇಕೆಂದರೆ ನಾನು ಬಾತ್ರೂಮಿನಲ್ಲೇ ಇದ್ದೆ. ಕೆಮ್ಮಿದ್ದು ನಾನು.

ಜನವರಿ 28, ಮಂಗಳವಾರ

ಬರೆಯಬೇಕು. ಬರೆಯದಿದ್ದರೆ ನಾಳೆ ಮತ್ತೆ ಬಾಲ್ಕನಿಗೆ ಹೋಗುತ್ತೇನೆ.

ಎಂದಿನಂತೆ ಮೂರು ಗಂಟೆ ದಾಟಿದ ಮೇಲೆ ಬಾಲ್ಕನಿಯಲ್ಲಿ ನಿಂತಿದ್ದೆ. ಅವನ ಜಾಕೆಟ್ಟು, ಅದರ ಟೋಪಿ ತಲೆಯ ಮೇಲೆ. ಬೆನ್ನು ಬಾಗಿಲ ಕಡೆಗೆ. ಒಳ್ಳೆಯ ದಟ್ಟ ಆವಿ. ಮೆಟ್ಟಿಲ ಮೇಲೆ ಬೂಟುಗಳ ಧಡಧಡ ಸದ್ದು, ಬಾಗಿಲು ಗೋಡೆಗೆ ಬಡಿದದ್ದು, "ಪಪ್ಪಾ! ಪಪ್ಪಾ!" ಎಂಬ ಕೂಗು, ಎಲ್ಲ ಒಟ್ಟಿಗೇ ಬಂದವು. ತಿರುಗುವಷ್ಟರಲ್ಲಿ ಎರಡು ಕೈಗಳು ಹಿಂದಿನಿಂದ ನನ್ನ ಸೊಂಟವನ್ನು ಬಿಗಿಯಾಗಿ ಹಿಡಿದವು. ಬೆನ್ನಿಗೆ ಮುಖ ಒತ್ತಿ ಅಳುತ್ತಾ ನಗುತ್ತಿದ್ದಳು. ಎಷ್ಟು ಬಲ ಆ ಕೈಗಳಲ್ಲಿ.

ನಾನು ತಿರುಗಿದೆ. ಟೋಪಿಯೊಳಗೆ ನನ್ನ ಮುಖ ಕಂಡಿತು ಅವಳಿಗೆ.

ಕೈಗಳು ಸಡಿಲವಾದವು. "ಓ," ಎಂದಳು. "ನೀನಾ."

ಅಷ್ಟೇ. ಕೂಗಲಿಲ್ಲ, ಮುನಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಬೂಟು ಬಿಚ್ಚಿ, ಹಿಮದ ನೀರನ್ನು ಬಟ್ಟೆಯಿಂದ ಒರೆಸಿದಳು. ಆಮೇಲೆ ಕೇಳಿದಾಗ ಹೇಳಿದ್ದು ಇಷ್ಟು: ಕೆಳಗೆ ಗುನ್ನೆಲ್ ಅಜ್ಜಿ ಸಿಕ್ಕಿ, ಬೇಗ ಹೋಗು, ನಿನ್ನ ಪಪ್ಪಾ ಬಾಲ್ಕನಿಯಲ್ಲಿದ್ದಾನೆ ಎಂದಳಂತೆ. ಮೆಟ್ಟಿಲಲ್ಲೂ ಏಲಕ್ಕಿ ವಾಸನೆ ಇತ್ತಂತೆ. "ಇನ್ನೂ ಹೂಳಿಲ್ಲವಲ್ಲ ಮಮ್ಮಿ. ಡಾಕ್ಟರಿಗೆ ತಪ್ಪಾಗಿರಬಹುದು ಅಂದುಕೊಂಡೆ. ಬಸ್ಸಿನವರಿಗೂ ತಪ್ಪಾಗಿತ್ತಲ್ಲ."

ಸ್ವೀಡಿಷಿನಲ್ಲಿ ಹೇಳಿದಳು. ಅವಳ ಸ್ವೆಟರಿನ ತೋಳು ಕೊಳೆಯಿಂದ ಗಟ್ಟಿಯಾಗಿತ್ತು. ವಸಂತಿ ಹೇಳಿದಾಗಲೂ ನಾನು ನೋಡಿರಲಿಲ್ಲ.

ಜನವರಿ 29, ಬುಧವಾರ

ಬೆಳಿಗ್ಗೆ ಲಾಯ್ಡ್‌ಗೆ ಫೋನು ಮಾಡಿದೆ. "ವೀಸಾ ಬಂದು ಎಷ್ಟು ದಿನ ಆಯ್ತು ಅತ್ತಿಗೆ! ಬ್ಯಾಗು ಬಾಗಿಲ ಹತ್ರವೇ ಉಂಟು. ನೀವು ಫೋನು ಎತ್ತುದಿಲ್ಲ, ಅಮ್ಮ ಊಟ ಬಿಟ್ಟು ಕೂತಿದ್ದಾರೆ," ಎಂದು ಅತ್ತುಬಿಟ್ಟ. ಫೆಬ್ರವರಿ ಏಳಕ್ಕೆ ಮಣ್ಣು ಎಂದೆ.

ಮೇಲೆ ಹೋಗಿ ಗುನ್ನೆಲ್‌ಗೂ ನಿಜ ಹೇಳಿದೆ. ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡು, "ನಾನು ಮಗುವಿಗೆ ಏನು ಹೇಳಿಬಿಟ್ಟೆ," ಎಂದಳು. ನಾನು ನಿನಗೆ ಹೇಳಿದ್ದನ್ನೇ ಎಂದೆ. ಒಳಗೆ ಕರೆದು ಕಾಫಿ ಕೊಟ್ಟಳು. ಇಬ್ಬರೂ ಕುಡಿಯಲಿಲ್ಲ.

ವಿನೀತಾಳಿಗೆ ತಲೆಸ್ನಾನ ಮಾಡಿಸಿದೆ. ಒಂಬತ್ತು ವರ್ಷದವಳು, ಬೇಡವೆನ್ನುತ್ತಾಳೆಂದುಕೊಂಡಿದ್ದೆ. ಅನ್ನಲಿಲ್ಲ.

ಫೆಬ್ರವರಿ 3, ಸೋಮವಾರ

ಇ-ಸಿಗರೇಟನ್ನು ಅವನ ಜೊತೆಗೇ ಇಡಬೇಕೆಂದಿದ್ದೆ. ಬ್ಯಾಟರಿ ಹೂಳುವಂತಿಲ್ಲವಂತೆ, ಪರಿಸರಕ್ಕೆ ಹಾನಿ. ಸತ್ತವನಿಗೂ ನಿಯಮ ತಪ್ಪಿದ್ದಲ್ಲ. ಬ್ಯಾಟರಿಯನ್ನು ಕಟ್ಟಡದ ಕೆಳಗಿನ ಹಳೆಯ ಬ್ಯಾಟರಿ ಡಬ್ಬಿಗೆ ಹಾಕಿದೆ. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಏಲಕ್ಕಿ ತೆಗೆದು ವಿನೀತಾ ಕರವಸ್ತ್ರದಲ್ಲಿ ಗಂಟು ಕಟ್ಟಿದಳು. ಅದನ್ನು ಅವನ ಅಂಗಿಯ ಜೇಬಿಗೆ ಹಾಕುವುದಕ್ಕೆ ಯಾವ ನಿಯಮವೂ ಅಡ್ಡ ಬರಲಿಲ್ಲ.

ಫೆಬ್ರವರಿ 5, ಬುಧವಾರ

ಜಾಗ ನೋಡಿಬರೋಣವೆಂದು ವಿನೀತಾಳ ಜೊತೆ ಸ್ಮಶಾನಕ್ಕೆ ಹೋದೆ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿದೆ, ಗುದ್ದಲಿ ಇಳಿಯುವುದಿಲ್ಲ. ಅದಕ್ಕೆ ಅಗೆಯುವ ಮೊದಲು ನೆಲವನ್ನು ಕಾಯಿಸುತ್ತಾರೆ. ಗುಂಡಿಯಷ್ಟೇ ಉದ್ದದ ತಗಡಿನ ಮುಚ್ಚಳ, ಒಳಗೆ ತಂತಿಯ ಸುರುಳಿಗಳು, ಕಂಬದಿಂದ ಎಳೆದ ವಿದ್ಯುತ್ ಕೇಬಲ್ಲು. ನನಗೆ ಅಲ್ಲೇ ಕಾಲು ನಿಂತಿತು.

ಸ್ಮಶಾನ ನೋಡಿಕೊಳ್ಳುವವನು ಟೋಪಿ ತೆಗೆದು ಮಾತಾಡಿದ. ಜೋರು ಶಾಖ ಕೊಟ್ಟರೆ ಮೇಲೆ ಕೆಸರಾಗುತ್ತದೆ, ಅಡಿಯಲ್ಲಿ ಮಂಜುಗಡ್ಡೆ ಹಾಗೇ ಉಳಿಯುತ್ತದೆ. ಕಡಿಮೆ ಶಾಖದಲ್ಲಿ ಒಂದೆರಡು ದಿನ ಬಿಡಬೇಕು, ಆಗ ಒಳಗಿನವರೆಗೂ ಇಳಿಯುತ್ತದೆ ಎಂದ. ಗೊತ್ತು ಎಂದೆ.

ಮುಚ್ಚಳದ ಅಂಚುಗಳಿಂದ ಆವಿ ಏಳುತ್ತಿತ್ತು. ಗಾಳಿಯಿಲ್ಲದ ಚಳಿಯಲ್ಲಿ ಚದುರದೆ, ಭುಜದ ಎತ್ತರಕ್ಕೆ ಬಂದು ನಿಂತುಕೊಂಡಿತು. ವಿನೀತಾ ಕೈಗವಸು ತೆಗೆದು ಅದರೊಳಗೆ ಬೆರಳು ಆಡಿಸಿ, ಬೆರಳನ್ನು ಮೂಗಿಗೆ ಹಿಡಿದಳು. ನಾನು ಉಸಿರು ಬಿಗಿಹಿಡಿದೆ.

"ಮಣ್ಣಿನ ವಾಸನೆ," ಎಂದಳು ಕೊಂಕಣಿಯಲ್ಲಿ. ಎಷ್ಟೋ ದಿನಗಳ ಮೇಲೆ ಕೊಂಕಣಿ. "ಪಪ್ಪಾ ಬರುವಾಗಲೂ ಬಿಸಿ ಇರುತ್ತಾ?"

"ಸ್ವಲ್ಪ ಇರುತ್ತದೆ."

"ಆಮೇಲೆ ಮತ್ತೆ ಐಸ್ ಆಗುತ್ತಾ?"

"ಮೇಲೆ ಹಿಮ ಬೀಳುತ್ತದಲ್ಲ, ಅದು ಹೊದಿಕೆ. ಚಳಿಯನ್ನು ಬೇಗ ಒಳಗೆ ಬಿಡುವುದಿಲ್ಲ. ನಿಜವಾಗಿ ಹೇಳುತ್ತಿದ್ದೇನೆ, ಸಮಾಧಾನಕ್ಕಲ್ಲ. ಇದನ್ನು ಪಾಠ ಮಾಡಿದ್ದೇನೆ."

ನಾನೂ ಒಮ್ಮೆ ಉಸಿರೆಳೆದು ನೋಡಿದೆ. ಒದ್ದೆ ಮಣ್ಣು ಮಾತ್ರ. ಅವನು ಅಲ್ಲಿರಲಿಲ್ಲ, ಎಲ್ಲಿಯೂ ಇರಲಿಲ್ಲ. ಇಷ್ಟು ದಿನ ನಾನು ತಡೆದು ನಿಲ್ಲಿಸಿದ್ದು ಅವನನ್ನಲ್ಲ ಎಂದು ಆಗ ತಿಳಿಯಿತು. ಮಗಳ ಮುಂದೆ ಜೋರಾಗಿ ಅತ್ತೆ. ಅವಳು ನನ್ನ ಸೊಂಟ ಹಿಡಿದುಕೊಂಡಳು, ಈ ಸಲ ಮುಂದಿನಿಂದ, ಮುಖ ನೋಡಿಕೊಂಡು.

ಫೆಬ್ರವರಿ 10, ಸೋಮವಾರ

ಶುಕ್ರವಾರ ಎಲ್ಲ ಮುಗಿಯಿತು. ಲಾಯ್ಡ್ ಇನ್ನೂ ನಾಲ್ಕು ದಿನ ಇರುತ್ತಾನೆ.

ಇವತ್ತಿನಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ವಿನೀತಾಳನ್ನು ಶಾಲೆಗೆ ಬಿಡಲು ಅದೇ ಬಸ್ಸು ಹತ್ತಿದೆವು. ಎದುರಿನ ಸೀಟಿನಲ್ಲಿ ಕಾರ್ಖಾನೆಯ ಜಾಕೆಟ್ಟಿನ ಒಬ್ಬ ಗಂಡಸು, ಪಾಳಿ ಮುಗಿಸಿ ಬಂದವನಿರಬೇಕು, ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದ. ಬಸ್ಸು ತುಂಬ ಜನ. ಎಲ್ಲರೂ ಮರ್ಯಾದೆಯಿಂದ ಬೇರೆ ಕಡೆ ನೋಡುತ್ತಿದ್ದರು.

ನಾನು ಎದ್ದು ಹೋಗಿ ಅವನ ತೋಳು ಮುಟ್ಟಿದೆ. ಬೆಚ್ಚಗಿತ್ತು. ಅವನು ಗಾಬರಿಯಿಂದ ಕಣ್ಣು ತೆರೆದು, ಏನು, ನನ್ನ ನಿಲ್ದಾಣ ಬಂತೇ ಎಂದ. ಇಲ್ಲ, ಮಲಗಿ ಎಂದು ಹೇಳಿ ಬಂದು ಕೂತೆ.

ವಿನೀತಾಳ ಕಿವಿ ಕೆಂಪಾಗಿತ್ತು. "ಮಮ್ಮಿ, ಇಲ್ಲಿ ಹಾಗೆ ಯಾರನ್ನೂ ಮುಟ್ಟಬಾರದು," ಎಂದು ಪಿಸುಗುಟ್ಟಿದಳು.

"ಗೊತ್ತು," ಎಂದೆ.

ಆಮೇಲೆ ಕತ್ತು ಚಾಚಿ ಹಿಂದಿನ ಸೀಟುಗಳ ಕಡೆ ನೋಡಿ, "ಅಲ್ಲಿ ಇನ್ನೊಬ್ಬರು ಮಲಗಿದ್ದಾರೆ," ಎಂದಳು.